ಕೆಂಜಿಗ ಬ್ಯಾಂಡು ಮತ್ತು ನನ್ನ ಹೊಟ್ಟೆಕಿಚ್ಚು

ಹಾಡು ಬೇಕೆಂದರೆ ಅಂಗಡಿಗೆ ಹೋಗಿ ಕ್ಯಾಸೆಟ್ ತುಂಬಿಸಿಕೊಂಡು ಬರಬೇಕಾಗಿದ್ದ ಕಾಲ ಅದು. ಪೆನ್ಸಿಲ್ ತೂರಿಸಿ ಟೇಪು ಸುತ್ತಿದವರಿಗೆಲ್ಲ ಅದು ನೆನಪಿರುತ್ತದೆ. ಹರೆಯದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬ್ಯಾಂಡಿನ ಹುಚ್ಚು. ಬೆಂಗಳೂರಿನ ಹುಡುಗಿಯರು ಇಂಗ್ಲಿಷ್ ಬ್ಯಾಂಡುಗಳ ಪೋಸ್ಟರನ್ನು ಗೋಡೆಗೆ ಅಂಟಿಸಿಕೊಳ್ಳುತ್ತಿದ್ದರಂತೆ. ನನಗೆ ಹುಚ್ಚು ಹಿಡಿಸಿದ ಬ್ಯಾಂಡಿಗೆ ಪೋಸ್ಟರೂ ಇರಲಿಲ್ಲ, ಕ್ಯಾಸೆಟ್ಟೂ ಇರಲಿಲ್ಲ. ಅದು ಗುಬ್ಬಿಯ ಒಂದು ಕೊಬ್ಬರಿ ಗೋಡೌನಿನಲ್ಲಿ ಹುಟ್ಟಿ ಅಲ್ಲೇ ಸತ್ತಿತು. ಹೆಸರು ಕೆಂಜಿಗ. ಅದನ್ನು ಕೇಳಿದವರು ಎಲ್ಲ ಸೇರಿ ಹತ್ತು ಜನ ಇರಬಹುದು. ಆ ಹತ್ತು ಜನರಲ್ಲಿ ಅದಕ್ಕಾಗಿ ಜೀವ ಬಿಡುತ್ತಿದ್ದವಳು ನಾನೊಬ್ಬಳೇ.

ನಾನಾಗ ಸೆಕೆಂಡ್ ಪಿಯುಸಿ. ನಮ್ಮ ಅಬ್ಬಾನದು ಹಾಸಿಗೆ ಅಂಗಡಿ. ಮನೆಯಲ್ಲಿ ಉರ್ದು, ಹೊಸ್ತಿಲು ದಾಟಿದರೆ ಕನ್ನಡ. ಇಡೀ ಕಾಲೇಜಿಗೆ ಕನ್ನಡದಲ್ಲಿ ಜಾಸ್ತಿ ನಂಬರು ತೆಗೆಯುತ್ತಿದ್ದವಳು ಹಾಸಿಗೆ ಅಂಗಡಿಯ ಶಾಹಿದಾ ಎಂಬುದು ನನಗಿದ್ದ ಒಂದೇ ಜಂಬ. ಪಕ್ಕದಲ್ಲಿ ಕೂರುತ್ತಿದ್ದ ಗೆಳತಿ ಉಮಾ. ಅವಳಪ್ಪ ರುದ್ರಪ್ಪನವರದು ಕೊಬ್ಬರಿ ಮಂಡಿ, ಮನೆಯ ಹಿಂದೆಯೇ ಗೋಡೌನು. ಹಣೆಗೆ ಮೂರು ಬೆರಳಿನ ವಿಭೂತಿ ಇಲ್ಲದೆ ಅವರನ್ನು ನೋಡಿದವರಿಲ್ಲ. ಮಠದ ದಾಸೋಹಕ್ಕೆ ಅಕ್ಕಿ ಎಷ್ಟು ಬೇಕು ಎಂದು ಮಠದವರು ಮೊದಲು ಕೇಳುತ್ತಿದ್ದುದು ಅವರನ್ನೇ.

ಉಮಾಳ ಅಣ್ಣ ಪ್ರಭು ತುಮಕೂರಿನ ಒಬ್ಬ ಆರ್ಕೆಸ್ಟ್ರಾದವನಿಂದ ಹಳೇ ಎಲೆಕ್ಟ್ರಿಕ್ ಗಿಟಾರು ತಂದಿದ್ದ. ಡ್ರಮ್ಮು ಬಾರಿಸುವವನು ರಾಜು. ಅಂತರಸನಹಳ್ಳಿಯಲ್ಲಿ ಲೇತ್ ಮೆಷಿನ್ ಮೇಲೆ ಕೆಲಸ. ಸಿಂಬಲ್ ಕೊಳ್ಳಲಾಗದೆ ಹಿತ್ತಾಳೆ ತಗಡನ್ನು ತಾನೇ ಕತ್ತರಿಸಿ, ತಾನೇ ತಟ್ಟಿ ಮಾಡಿಕೊಂಡಿದ್ದ. ಇನ್ನಿಬ್ಬರು ಪ್ರಭುವಿನ ಡಿಗ್ರಿ ಕಾಲೇಜಿನವರು. ರಾಜುವಿಗೆ ಮಂಗಳವಾರ ವಾರದ ರಜೆ, ಆದ್ದರಿಂದ ಮಂಗಳವಾರ ಸಂಜೆ ಪ್ರಾಕ್ಟೀಸು.

ಗೋಡೌನನ್ನು ಆರಿಸಿಕೊಂಡಿದ್ದಕ್ಕೆ ಕಾರಣವಿತ್ತು. ಸೂರಿನವರೆಗೂ ಒಟ್ಟಿದ ಕೊಬ್ಬರಿ ಮೂಟೆಗಳು ಸದ್ದನ್ನು ನುಂಗಿಬಿಡುತ್ತಿದ್ದವು. ಒಳಗೆ ಕಿವಿ ಗುಂಯ್ ಎನ್ನುತ್ತಿದ್ದರೂ ಬೀದಿಯಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ. ಕೊಬ್ಬರಿ ರೇಟು ಏರಿ ಮೂಟೆಗಳು ಲಾರಿ ಹತ್ತಿದ ವಾರ ಮಾತ್ರ ಬ್ಯಾಂಡಿಗೆ ಸಂಕಟ. ಊರಿನವರೆಲ್ಲ ರೇಟು ಬಂತೆಂದು ಹಿಗ್ಗಿದರೆ ಪ್ರಭು ಬರಿದಾದ ಗೋಡೆ ನೋಡಿಕೊಂಡು ಮುಖ ಸಣ್ಣಗೆ ಮಾಡಿ ಕೂರುತ್ತಿದ್ದ.

ರುದ್ರಪ್ಪನವರಿಗೆ ಹೇಳಿದ್ದು ಭಜನೆ ಪ್ರಾಕ್ಟೀಸು ಎಂದು. ಅವರ ಸ್ಕೂಟರಿನ ಸದ್ದು ಕೇಳಿದರೆ ಉಮಾ ಬಾಗಿಲಿನ ಸರಪಳಿ ಅಲ್ಲಾಡಿಸಬೇಕು. ಅಲ್ಲಾಡಿಸಿದ ಕ್ಷಣ ಗಿಟಾರಿನ ಕಿರುಚಾಟ ನಿಂತು, ನಾಲ್ಕೂ ಜನ ಕಣ್ಣು ಮುಚ್ಚಿ ಶಿವನಾಮಕ್ಕೆ ಇಳಿಯುತ್ತಿದ್ದರು. ಅವರು ಬಾಗಿಲಲ್ಲಿ ನಿಂತು, ತಲೆದೂಗಿ, "ಚೆನ್ನಾಗದೆ, ಮುಂದುವರ್ಸಿ" ಎಂದು ಹೋಗುತ್ತಿದ್ದರು. ರಾಜು ನಗು ತಡೆಯಲಾಗದೆ ಮೂಟೆಗೆ ಮುಖ ಒತ್ತಿಕೊಳ್ಳುತ್ತಿದ್ದ.

ನಾನು ಕಂಬೈನ್ಡ್ ಸ್ಟಡಿ ಎಂಬ ನೆಪ ಹೂಡಿ ಮಂಗಳವಾರ ಹೋಗುತ್ತಿದ್ದೆ. ಹೊತ್ತು ಮುಳುಗುವಾಗಿನ ಮಗ್ರಿಬ್ ಆಜಾನಿಗೆ ಮೊದಲು ಮನೆಯಲ್ಲಿರಬೇಕು. ಹಾಗಾಗಿ ನನಗೆ ಸಿಗುತ್ತಿದ್ದುದು ವಾರಕ್ಕೊಂದು ಗಂಟೆ. ಒಣಗಿದ ಕೊಬ್ಬರಿಯ ಎಣ್ಣೆ ವಾಸನೆ, ಗೋಣಿಯ ದೂಳು, ಉಮಾಳ ಅಮ್ಮ ತಟ್ಟೆಯಲ್ಲಿ ಕಳಿಸುತ್ತಿದ್ದ ಬೆಳ್ಳುಳ್ಳಿ ಒಗ್ಗರಣೆಯ ಪುರಿ. ಇವತ್ತಿಗೂ ಕೊಬ್ಬರಿ ತುರಿಯುವಾಗ ನನ್ನ ಕಾಲು ತಾನಾಗಿ ತಾಳ ಹಾಕುತ್ತದೆ.

ಉಮಾಳಿಗೋ, ಏಳು ದಿನವೂ ಸಿಗುತ್ತಿತ್ತು. ಪ್ರಭು ಅಡುಗೆಮನೆ ಪಕ್ಕದ ಕೋಣೆಯಲ್ಲಿ ಹೊಸ ಹಾಡು ಕಟ್ಟುವಾಗ ಅವಳು ಅಲ್ಲೇ ಹುರುಳಿಕಾಯಿ ಬಿಡಿಸುತ್ತಿದ್ದಳು. ಮೊದಲ ಸಾಲು ಹುಟ್ಟಿದ್ದನ್ನು ಅವಳು ಕೇಳಿರುತ್ತಿದ್ದಳು. ನಾನು ಬುಧವಾರ ಕ್ಲಾಸಿನಲ್ಲಿ ಅವಳ ಜೀವ ತಿನ್ನುತ್ತಿದ್ದೆ.

"ನಿನ್ನೆ ನಾನ್ ಹೋದ್ಮೇಲೆ ಏನ್ ನುಡಿಸಿದ್ರೇ?"

"ಏನೋ ಗಲಾಟೆ ಮಾಡ್ಕೊಂಡಿದ್ರು ಕಣೇ. ನಂಗ್ ತಲೆನೋವು. ನಿಮ್ ಅಂಗಡಿಯಿಂದ ಸ್ವಲ್ಪ ಹತ್ತಿ ತಂದ್ಕೊಡೇ, ಕಿವಿಗೆ ಇಟ್ಕೋತೀನಿ."

ತಂದುಕೊಟ್ಟೆ. ನಾನು ಎಲ್ಲ ಬಿಟ್ಟು ಕೇಳಬೇಕೆಂದಿದ್ದ ಹಾಡಿಗೆ ಅವಳು ನಮ್ಮಬ್ಬಾನ ಹತ್ತಿ ತುರುಕಿಕೊಂಡು ಕೂತಳು. ನನ್ನ ಹೊಟ್ಟೆ ಎಷ್ಟು ಉರಿಯಿತೆಂದು ಈಗ ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಬೇಡದವಳ ಮಡಿಲಿಗೆ ಬೀಳುತ್ತಿದೆಯಲ್ಲ ಎಂಬ ಉರಿ ಅದು.

ಬ್ಯಾಂಡಿನಲ್ಲಿ ನನಗೊಂದು ಜಾಗ ಸಿಕ್ಕಿದ್ದು ಅಕ್ಷರದಿಂದ. ಪ್ರಭುವಿನ ಬರಹ ಅವನಿಗೇ ಓದಲು ಬರುತ್ತಿರಲಿಲ್ಲ. ಅವನು ಹಾಳೆ ಕೊಟ್ಟರೆ ನಾನು ತಪ್ಪು ತಿದ್ದಿ, ನಾಲ್ಕು ಜನಕ್ಕೆ ನಾಲ್ಕು ಪ್ರತಿ ದುಂಡಗೆ ಬರೆದು ಕೊಡುತ್ತಿದ್ದೆ. ಐದನೆಯದು ನನ್ನದು. ಹಾಗೆ ಬರೆದವುಗಳಲ್ಲಿ ನನ್ನ ಪ್ರಾಣವಾಗಿದ್ದ ಹಾಡು 'ಮುನ್ನೂರು ಅಡಿ'. ಬೋರ್‌ವೆಲ್ ಕೊರೆಸುವವನ ಪ್ರೇಮಗೀತೆ. ರಾಜುವಿನ ಡ್ರಮ್ಮು ರಿಗ್ ಲಾರಿಯಂತೆ ನೆಲ ಗುದ್ದುತ್ತಿತ್ತು, ಅದರ ಮೇಲೆ ಪ್ರಭು ಕೂಗುತ್ತಿದ್ದ:

ಮುನ್ನೂರು ಅಡಿ ಕೊರೆದೆನಲ್ಲೇ,
ಬರೀ ದೂಳು ಬಂತಲ್ಲೇ,
ನಿನ್ನ ಮನಸ್ಸಿನ ನೀರು ಯಾವ ಕಡೆ ಹರಿದು ಹೋಯ್ತೇ?

ಹಾಡಿನ ನಡುವೆ ಡ್ರಮ್ಮು ನಿಂತು ಹುಡುಗಿ ಉತ್ತರ ಕೊಡಬೇಕು. ದಸರಾ ರಜೆಯ ಹೊತ್ತಿಗೆ ಅವರಿಗೆ ಊರಿನ ರಾಜ್ಯೋತ್ಸವದ ಸ್ಟೇಜಿನಲ್ಲಿ ಇಪ್ಪತ್ತು ನಿಮಿಷ ಸಿಕ್ಕಿತು. ಹೆಣ್ಣುದನಿ ಬೇಕೇಬೇಕು ಎಂದು ಪ್ರಭು ಹಟ ಹಿಡಿದ. ನಾನು ಹಾಡುತ್ತೇನೆಂದು ಎದ್ದು ನಿಂತೆ. ಇಡೀ ಹಾಡು ನನಗೆ ಬಾಯಿಪಾಠವಿತ್ತು. ಎರಡು ಸಾಲು ಮುಗಿಯುವಷ್ಟರಲ್ಲಿ ನಾಲ್ವರೂ ನೆಲ ನೋಡತೊಡಗಿದರು.

ರಾಜು ಒಳ್ಳೆಯವನು, ಮೆತ್ತಗೆ ಹೇಳಿದ. "ಬುಡು ತಾಯಿ, ನೀನು ಬರ್ದುಕೊಟ್ರೆ ಸಾಕು. ಹಾಡೋದು ಯಾರಾದ್ರೂ ಹಾಡ್ತಾರೆ."

ಅದೇ ಗಳಿಗೆಯಲ್ಲಿ ಉಮಾ ಕಾಫಿ ತಂದಳು. ಪ್ರಭು ಅವಳ ಕೈಗೆ ನಾನು ಬರೆದ ಹಾಳೆಯನ್ನೇ ಕೊಟ್ಟು, "ಇದೊಂದು ಅಂದ್ಬುಡು" ಎಂದ. ಮಠದ ಭಜನೆಯಲ್ಲಿ ಚಿಕ್ಕಂದಿನಿಂದ ಪಳಗಿದ ಗಂಟಲು. ಒಂದು ಕೈಯಲ್ಲಿ ಕಾಫಿ ತಟ್ಟೆ ಹಿಡಿದೇ ಹಾಡಿದಳು. ಮೂಟೆಗಳೂ ಆ ದನಿಯನ್ನು ನುಂಗಲಿಲ್ಲ. ರಾಜು ಕಡ್ಡಿಗಳನ್ನು ಕೆಳಗಿಟ್ಟ. ಚೆನ್ನಾಗಿತ್ತು, ಅದೇ ನನಗೆ ತಡೆಯಲಾಗಲಿಲ್ಲ.

ಆಮೇಲಿನ ಮೂರು ಮಂಗಳವಾರ ಅವಳು ಒಳಗೆ, ನಾನು ಬಾಗಿಲಲ್ಲಿ. ಸರಪಳಿ ಅಲ್ಲಾಡಿಸುವ ಕೆಲಸ ನನ್ನ ಪಾಲಿಗೆ ಬಂತು.

ಉಮಾಳ ಹೆಸರು ಎಲ್ಲೂ ಬರಬಾರದು ಎಂದು ಪ್ರಭು ಮೊದಲೇ ಹೇಳಿದ್ದ. ಅಪ್ಪನನ್ನು ಸ್ಟೇಜಿನ ಮುಂದೆ ಕೂರಿಸಿ, ಹಾಡು ಮುಗಿದು ಜನ ಚಪ್ಪಾಳೆ ಹೊಡೆದ ಮೇಲೆ ಕಾಲಿಗೆ ಬೀಳುವುದು ಅವನ ಉಪಾಯ. ಚಪ್ಪಾಳೆ ಕೇಳಿದ ಅಪ್ಪ ಬೈಯಲಾರರು ಎಂದು ಅವನ ನಂಬಿಕೆ. ಈಗ ಯೋಚಿಸಿದರೆ ಅವನು ಹೇಳಿದ್ದು ಸರಿಯೇ ಇತ್ತು.

ಕಾರ್ಯಕ್ರಮದ ಹಿಂದಿನ ದಿನ ಪ್ರಚಾರದ ಒಕ್ಕಣೆಯನ್ನು ನನ್ನ ಕೈಲೇ ಬರೆಸಿದ. ನಮ್ಮ ಅಂಗಡಿಯ ಪಕ್ಕವೇ ಮೈಕ್ ನಾಗಣ್ಣನ ಆಟೋ ನಿಲ್ಲುತ್ತಿತ್ತು. ಸಿನಿಮಾ, ಸಾವು, ಸೀರೆ ಸೇಲು, ಯಾವುದೇ ಇರಲಿ ಊರಿಗೆ ಕೂಗಿ ಹೇಳುವವನು ಅವನೇ. ಹಾಳೆಯಲ್ಲಿ ನಾಲ್ವರು ಹುಡುಗರ ಹೆಸರು, ಕೊನೆಯಲ್ಲಿ 'ಮತ್ತು ಒಬ್ಬ ಗಾಯಕಿ' ಎಂದಷ್ಟೇ ಬರೆದಿದ್ದೆ. ನಾಗಣ್ಣ ಬೀಡಿ ಕಚ್ಚಿಕೊಂಡು ಓದಿದ.

"ಗಾಯಕಿ ಅಂತ ಹಾಕಿದೀರ, ಹೆಸ್ರೇ ಇಲ್ವಲ್ಲಮ್ಮ?"

ನಾನು ಆಟೋ ಮೇಲಿನ ಮೈಕು ನೋಡಿದೆ.

"ಹೆಸ್ರಿಲ್ದೆ ಎಂಗೆ ಕೂಗ್ಲಿ? ಜನ ನಗ್ತಾರೆ. ಯಾರು ಹೇಳು."

"ಉಮಾ" ಎಂದೆ.

"ಯಾರ ಮಗ್ಳು?"

ಅದು ಅವನ ಪದ್ಧತಿ. ಊರಿನ ಹುಡುಗ ಹುಡುಗಿಯರ ಹೆಸರು ಕೂಗಿದರೆ ಇಂಥವರ ಸುಪುತ್ರ, ಇಂಥವರ ಸುಪುತ್ರಿ ಎನ್ನಲೇಬೇಕು. ಇಲ್ಲವಾದರೆ ಅಪ್ಪಂದಿರು ಬಂದು ಜಗಳ ತೆಗೆಯುತ್ತಾರೆ. ಗೊತ್ತಿಲ್ಲ ಎಂದುಬಿಡಬಹುದಿತ್ತು. ಓಡಿಹೋಗಬಹುದಿತ್ತು. "ಕೊಬ್ಬರಿ ಮಂಡಿ ರುದ್ರಪ್ಪನವರ ಮಗಳು" ಎಂದೆ. ನನ್ನ ಬಾಯಿಂದ ಅದು ಎಷ್ಟು ಸಲೀಸಾಗಿ ಬಂತೆಂದರೆ ಆಗಲೇ ಎಷ್ಟೋ ಸಲ ಒಳಗೊಳಗೇ ಹೇಳಿ ಅಭ್ಯಾಸ ಮಾಡಿಕೊಂಡಿದ್ದೆನೇನೋ. ಅವಳನ್ನು ಬಿಡಿಸುತ್ತಾರೆ, ಹಾಡು ಮೊದಲಿನಂತೆ ಗಂಡುದನಿಯಲ್ಲೇ ನಡೆಯುತ್ತದೆ, ನಾನು ಮತ್ತೆ ಒಳಗೆ ಕೂರುತ್ತೇನೆ. ನನ್ನ ತಲೆಯಲ್ಲಿದ್ದುದು ಇಷ್ಟೇ.

ಮಧ್ಯಾಹ್ನ ಆಟೋ ಮಂಡಿ ಮುಂದೆ ಹೋಯಿತು. ರುದ್ರಪ್ಪನವರು ತಕ್ಕಡಿ ಮುಂದೆ ನಿಂತಿದ್ದರಂತೆ. 'ರಾಕ್ ಗಾಯಕಿ ಕುಮಾರಿ ಉಮಾ, ಶ್ರೀಯುತ ರುದ್ರಪ್ಪನವರ ಸುಪುತ್ರಿ' ಎಂದು ನಾಗಣ್ಣ ಎರಡೆರಡು ಸಲ ಕೂಗಿದ. ಹಮಾಲಿಗಳು, ತಿಪಟೂರಿನಿಂದ ಬಂದ ವ್ಯಾಪಾರಿಗಳು, ದಾಸೋಹದ ಲೆಕ್ಕಕ್ಕೆ ಬಂದಿದ್ದ ಮಠದವರು, ಎಲ್ಲರೂ ಅವರ ಮುಖ ನೋಡಿದರು. ಅವರು ಮನೆಗೆ ಬಂದು ಕೂಗಾಡಲಿಲ್ಲ. ಮಗನನ್ನು ಕರೆದು ಒಂದೇ ಮಾತು ಕೇಳಿದರಂತೆ. "ಬಾಗಿಲಲ್ ನಿಂತು ಚೆನ್ನಾಗದೆ ಅಂತಿದ್ನಲ್ಲೋ. ನನ್ ಮನೆ ವಿಷ್ಯ ನಂಗೆ ಮೈಕಿಂದ ಗೊತ್ತಾಗ್ಬೇಕಿತ್ತಾ?"

ಉಮಾ ಇದನ್ನು ಹೇಳುವಾಗ ಅತ್ತಿದ್ದಳು. ಸುಳ್ಳು ಹೇಳುವುದಿಲ್ಲ, ಆ ಸಂಜೆ ನನಗೆ ಖುಷಿಯಾಗಿತ್ತು.

ಮಾರನೇ ದಿನ ಬೆಳಿಗ್ಗೆ ಗಿಟಾರು ತುಮಕೂರಿನ ಆರ್ಕೆಸ್ಟ್ರಾದವನಿಗೆ ವಾಪಸ್ಸು ಹೋಯಿತು. ಕೆಂಜಿಗದ ಇಪ್ಪತ್ತು ನಿಮಿಷದಲ್ಲಿ ಹೈಸ್ಕೂಲು ಮಕ್ಕಳು ಲೇಜಿಮ್ ಆಡಿದರು. ಮಂಗಳವಾರ ರಾಜು ಲೂನಾ ಹಿಂದೆ ಹಿತ್ತಾಳೆ ತಗಡುಗಳನ್ನು ಕಟ್ಟಿಕೊಂಡು ಬಂದ, ಗೋಡೌನಿಗೆ ಬೀಗ ನೋಡಿದ, ಸ್ವಲ್ಪ ಹೊತ್ತು ನಿಂತು ಹಿಂದಕ್ಕೆ ಹೋದ. ನಾನು ಎದುರು ಕಟ್ಟೆಯ ಮೇಲೆ ಕೂತಿದ್ದೆ. ಉಮಾ ಒಬ್ಬಳೇ ಬಿಟ್ಟು ಹೋಗುತ್ತಾಳೆ ಎಂದುಕೊಂಡಿದ್ದೆ, ಬ್ಯಾಂಡೇ ಹೋಗಿತ್ತು. ಪ್ರಭು ನಾಗಣ್ಣನ ಕಾಲರ್ ಹಿಡಿದು ಹೆಸರು ಹೇಳಿದ್ದು ಯಾರು ಎಂದು ಕೇಳಿದನಂತೆ. ನಾಗಣ್ಣ ಅಬ್ಬಾನ ಸ್ನೇಹಿತ. "ಊರವರ ಹೆಸರು ನಂಗೆ ಗೊತ್ತಿಲ್ವೇನ್ಲಾ" ಎಂದು ತನ್ನ ಮೇಲೇ ಹಾಕಿಕೊಂಡ.

ಇದೆಲ್ಲ ಆಗಿ ಇಪ್ಪತ್ತೈದು ವರ್ಷದ ಮೇಲಾಯಿತು. ನಾನು ಈಗ ತುಮಕೂರಿನ ಶಿರಾ ಗೇಟ್ ಹತ್ತಿರ ಇದ್ದೇನೆ, ಮಕ್ಕಳಿಗೆ ಕನ್ನಡ ಪಾಠ ಹೇಳುತ್ತೇನೆ. ಉಮಾ ಮದುವೆಯಾಗಿ ಕುಣಿಗಲ್ ಕಡೆ ಹೋದಳು, ಮಾರ್ಕೋನಹಳ್ಳಿ ನಾಲೆಯ ಕೆಳಗೆ ಗದ್ದೆ ಇದೆ. ಹೋದ ತಿಂಗಳು ಅವಳ ಮನೆಗೆ ಹೋಗಿದ್ದೆ. ಅವಳು ಸೌಟು ಹಿಡಿದು ನಗುನಗುತ್ತ ಅಡುಗೆಮನೆಯಲ್ಲಿ ಓಡಾಡುವುದನ್ನು ನೋಡುತ್ತ ಇನ್ನು ತಡೆಯಲಾಗದೆ ಊಟಕ್ಕೆ ಮುಂಚೆಯೇ ಎಲ್ಲ ಹೇಳಿಬಿಟ್ಟೆ. ನಾಗಣ್ಣನಲ್ಲ, ನಾನು ಎಂದೆ.

ಅವಳು ಮೊದಲು ಅರ್ಥವಾಗದೆ ನೋಡಿದಳು. ಆಮೇಲೆ ಒಲೆ ಸಣ್ಣ ಮಾಡಿ ಬಂದು ಕೂತಳು.

"ಇದನ್ನ ಇಷ್ಟ್ ವರ್ಷ ಹೊಟ್ಟೇಲಿ ಇಟ್ಕೊಂಡಿದ್ಯಾ? ಸ್ಟೇಜಂದ್ರೆ ನಂಗೆ ಕೈಕಾಲು ನಡುಗ್ತಿತ್ತು ಕಣೇ. ಅಣ್ಣನ ಮಾತ್ ತೆಗೆದಾಕಕ್ಕಾಗ್ದೆ ಒಪ್ಕೊಂಡಿದ್ದೆ. ಆ ಆಟೋ ಬಂದು ನನ್ನ ಉಳಿಸ್ತು ಅಂತ ದೇವರಿಗೆ ಕಾಯಿ ಒಡೆಸಿದೀನಿ."

"ಅತ್ತಿದ್ದೆಯಲ್ಲೇ?"

"ಅಪ್ಪನ ಮುಖ ನೋಡಿ ಅತ್ತಿದ್ದು. ಹಾಡಿಗಲ್ಲ."

"ಹಾಡಾದ್ರೂ ನೆನಪಿದ್ಯಾ?"

"ಯಾವ ಹಾಡು?"

'ಮುನ್ನೂರು ಅಡಿ' ಎಂದೆ. ಮಾತು ಹೇಳಿಕೊಟ್ಟೆ. ಅವಳು ಪಾಪ ಪ್ರಯತ್ನಪಟ್ಟಳು, ಎರಡು ಸಲವೂ ಮಠದ ಭಜನೆಯ ಧಾಟಿಗೆ ಹೊರಳಿತು. ನಕ್ಕು ಕೈಬಿಟ್ಟಳು. ಅಂದು ಆ ಹಾಡು ಸಿಕ್ಕಿತೆಂದು ಅವಳ ಮೇಲೆ ಹೊಟ್ಟೆ ಉರಿದುಕೊಂಡಿದ್ದೆ. ಈಗ ಅದನ್ನು ಇಷ್ಟು ಹಗುರವಾಗಿ ಮರೆತಿದ್ದಾಳಲ್ಲ ಎಂದು ಮತ್ತೆ ಉರಿಯಿತು. ನನ್ನ ತಪ್ಪೂ ಅವಳಿಗೆ ಬೇಕಾಗಿರಲಿಲ್ಲ.

"ಅಣ್ಣನ್ನ ಕೇಳು, ಅವ್ನಿಗೆ ಬರುತ್ತೆ" ಎಂದಳು ಅನ್ನ ಬಡಿಸುತ್ತ. "ಗುಬ್ಬೀಲೇ ಮಂಡಿ ನೋಡ್ಕೊಂಡವ್ನೆ. ಈಗ್ಲೂ ಗೋಡೌನಲ್ಲಿ ಒಬ್ನೇ ಇದ್ರೆ ಗುನುಗ್ತಿರ್ತಾನೆ. ಆದ್ರೆ ನೀನ್ ಹೇಳಿದ್ದು ಅವ್ನಿಗೆ ಹೇಳ್ಬೇಡ. ನಾಗಣ್ಣ ತೀರ್ಕೊಂಡಾಗ ಮಣ್ಣಿಗೂ ಹೋಗ್ಲಿಲ್ಲ ಅವನು."

ವಾಪಸ್ಸು ಬರುವಾಗ ಬಸ್ಸಿನ ಕಿಟಕಿಗೆ ತಲೆ ಆನಿಸಿ ಹಾಡನ್ನು ನೆನಪಿಸಿಕೊಂಡೆ. ನಾಲ್ಕು ಚರಣದ ಒಂದಕ್ಷರವೂ ತಪ್ಪಲಿಲ್ಲ. ರಾಗ ಬರಲಿಲ್ಲ. ನನಗೆ ಯಾವತ್ತೂ ಬಂದಿರಲಿಲ್ಲ, ಅವರು ನುಡಿಸುವಾಗ ಕೇಳಿದ್ದೆನಷ್ಟೇ. ಈ ಲೋಕದಲ್ಲಿ ಅದೀಗ ಒಬ್ಬನ ಗಂಟಲಲ್ಲಿ ಉಳಿದಿದೆ.

ತುಮಕೂರಿನ ಸ್ಟ್ಯಾಂಡಿನಲ್ಲಿ ಇಳಿದಾಗ ಗುಬ್ಬಿ ಬಸ್ಸು ಹೊರಡಲು ನಿಂತಿತ್ತು. ಗಂಟೆ ಇನ್ನೂ ನಾಲ್ಕು, ಹೋಗಿ ಬರಲು ಬೇಕಾದಷ್ಟು ಹೊತ್ತಿತ್ತು. ಹಾಡಿಕೊಡು ಎಂದರೆ ಪ್ರಭು ಇಲ್ಲವೆನ್ನುವವನಲ್ಲ, ಮೂಟೆಯ ಮೇಲೆ ಕೂರಿಸಿ ಪೂರ್ತಿ ಹಾಡಿಯಾನು. ಆದರೆ ಅದನ್ನು ಅವನೆದುರು ಕೂತು ಕೇಳಬೇಕಾದರೆ ಮೊದಲು ನಾಗಣ್ಣನಲ್ಲ, ನಾನು ಎಂದು ಹೇಳಬೇಕು. ಹೇಳಿದ ಮೇಲೆ ಅವನು ಹಾಡುವುದಿಲ್ಲ.

ಕಂಡಕ್ಟರು "ಹತ್ತೀರೇನಮ್ಮ?" ಎಂದು ಕೇಳಿದ. ಇಲ್ಲ ಎಂದೆ.