ಟಾಮಿ ಹಾಗೆ ಮಾಡುತ್ತಿದ್ದುದು ಯಾವಾಗ

“ಇದರ ಬೀಜ ತೆಗೆದ್ಬಿಡಿ ಡಾಕ್ಟ್ರೇ, ನೆಂಟರೆದುರು ಮಾನ ಹೋಗ್ತಿದೆ,” ಎನ್ನುತ್ತಾ ನನ್ನ ಗಂಡ ನಮ್ಮ ನಾಯಿ ಟಾಮಿಯನ್ನು ಕೊಪ್ಪದ ಪಶುವೈದ್ಯರ ಮೇಜಿನ ಮೇಲೆ ಎತ್ತಿ ನಿಲ್ಲಿಸಿದರು. ಯಾರ ಕಾಲು ಸಿಕ್ಕಿದರೂ ಅದು ತಬ್ಬಿ ಏರಿ ಸೊಂಟ ಆಡಿಸುತ್ತಿತ್ತು. ಹೊಡೆದರೆ ಇನ್ನೂ ಹೆಚ್ಚು.

ಆಪರೇಷನ್ ಮಾಡಿದರೂ ಈ ಚಾಳಿ ಪೂರ್ತಿ ಹೋಗುತ್ತದೆ ಎನ್ನಲಾಗದು, ಗಾಬರಿಯಾದಾಗಲೂ ಕೆಲವು ನಾಯಿಗಳು ಹೀಗೆ ಮಾಡುತ್ತವೆ ಎಂದ ಡಾಕ್ಟರು, ಟಾಮಿ ಹೀಗೆ ಮಾಡುವುದು ಯಾವಾಗ ಎಂದು ಕೇಳಿದರು. ನಮ್ಮ ಜೊತೆ ಬಂದಿದ್ದ, ಮಗನೆದುರು ಎಂದೂ ಬಾಯಿಬಿಡದ ನನ್ನ ಅತ್ತೆ, ಕೈಚೀಲವನ್ನು ಎದೆಗೊತ್ತಿಕೊಂಡು ಮೆಲ್ಲಗೆ ಹೇಳಿದರು: “ಇವ ನಮ್ ಮೇಲೆ ಕೂಗಾಡ್ತಾನಲ್ಲ ಮಾರಾಯ್ರೆ, ಆವಾಗ.”

ಡಾಕ್ಟರು ಟಾಮಿಯ ಬೆನ್ನು ಸವರಿದರು. ಕೂಗಬೇಡಿ, ಹೊಡೆಯಬೇಡಿ, ಏರಲು ಬಂದರೆ ಮೆತ್ತಗೆ ಕರೆದು ಬೇರೆ ಕಡೆ ಕೂರಿಸಿ ಎಂದಷ್ಟೇ ಹೇಳಿ ಕಳಿಸಿದರು.

ಕ್ರಮೇಣ ಟಾಮಿಯ ಚಾಳಿ ನಿಂತಿತು. ನನ್ನ ಗಂಡ ಆಮೇಲೆ ಕೂಗಾಡಲೇ ಇಲ್ಲ. ಆದರೆ ಅಂದು ಬಾಯಿಬಿಟ್ಟ ತಾಯಿಯ ಜೊತೆ, ಅವರು ತೀರಿಕೊಳ್ಳುವವರೆಗೂ ಒಂದು ಮಾತನ್ನೂ ಆಡಲಿಲ್ಲ.