ಪುರಭವನದ ಕೆಳಗಿನ ಕೋಣೆ

ತಂಗಿಯ ಮದುವೆ ನಡೆದದ್ದು ಜರ್ಮನಿಯ ಒಂದು ಸಣ್ಣ ಊರಿನ ಹಳೆಯ ಪುರಭವನದಲ್ಲಿ. ನಾವು ನೋಡಿದ್ದು ಆದೋನಿಯ ನಮ್ಮ ಮನೆಯಲ್ಲಿ, ನನ್ನ ಫೋನಿನಲ್ಲಿ. ಅವಳು ಅಲ್ಲಿ ನರ್ಸ್. ಹುಡುಗ ಅದೇ ಊರಿನವನು. ಅವ್ವ ಇಲ್ಲಿಂದ, ಫೋನಿನ ಮೇಲೆಯೇ, ಅಕ್ಷತೆ ಹಾಕಿದರೆ ಮಾತ್ರ ಅಧಿಕಾರಿಯ ಮುಂದೆ ಸಹಿ ಮಾಡುವೆ ಎಂದು ತಂಗಿ ಹೇಳಿದ್ದಳು.

ಆ ಕಟ್ಟಡದ ಚರಿತ್ರೆಯನ್ನು ನಾನು ಓದಿಕೊಂಡಿದ್ದೆ. ಓದಬಾರದಿತ್ತು. ಕೆಳಗೆ ಕಲ್ಲಿನ ಕಮಾನುಗಳು, ಅಲ್ಲಿ ಸಂತೆ. ಯಾವಾಗಲೋ ಬೆಂಕಿ ಬಿದ್ದ ಮೇಲೆ ಮೇಲಂತಸ್ತನ್ನು ಮರದ ಚೌಕಟ್ಟಿನಲ್ಲಿ ಮತ್ತೆ ಕಟ್ಟಿದರಂತೆ. ಮದುವೆಯ ಕೋಣೆ ಹಿಂದೆ ನ್ಯಾಯ ಹೇಳುತ್ತಿದ್ದ ಕೋಣೆ. ಅದರ ನೇರ ಕೆಳಗೆ ಸೆರೆಮನೆ. ಅವ್ವನಿಗೆ ಇದು ತಿಳಿದರೆ ಅಕ್ಷತೆ ಬೀಳುವುದಿಲ್ಲ.

ತಂಗಿ ಫೋನನ್ನು ಕಮಾನಿನ ಕಡೆ ತಿರುಗಿಸಿದಳು. ಗೋಡೆಗೆ ಬಡಿದ ಕಬ್ಬಿಣದ ಪಟ್ಟಿ: ಸಂತೆಯಲ್ಲಿ ಬಟ್ಟೆ ಅಳೆಯುತ್ತಿದ್ದ ಗಜ.

ಹತ್ತಿ ಮಾರುಕಟ್ಟೆಯಲ್ಲಿ ದಲ್ಲಾಳಿಯಾಗಿರುವ ಸೋದರಮಾವ ನಕ್ಕ. "ಏಮಮ್ಮಾ ಮದುಮಗಳೇ, ಮಾರ್ಕೆಟ್ ಯಾರ್ಡಿನಾಗ ಮದುವಿ ಆಗ್ತಿಯೇನು? ಗಂಡನ್ನ ತೂಕ ಹಾಕಿ ತಗೋ!"

ಅವ್ವ ಮೇಲಂತಸ್ತಿನ ಮರದ ಚೌಕಟ್ಟನ್ನೇ ನೋಡುತ್ತಿದ್ದಳು. "ಆ ಕಟಿಗಿ ನಡುವ ಇರೋದು ಮಣ್ಣೇನ?"

"ಮಣ್ಣು, ಹುಲ್ಲು ಕಲಸಿದ್ದವ್ವಾ," ಎಂದಳು ತಂಗಿ.

"ಹಂಗಾರ ನಮ್ಮ ಆಲೂರು ಮನಿ ಗ್ವಾಡಿ ಇದ್ದಂಗ ಐತಿ ಬಿಡು."

ನನ್ನ ಎದೆ ಹಗುರಾಯಿತು. ಅಷ್ಟರಲ್ಲಿ ತಂಗಿ, "ಕೆಳಗ ಜೈಲಿತ್ತಂತ, ತೋರಸ್ತೀನಿ ತಡಿ," ಎಂದಳು.

ಗಿಡ್ಡ ಬಾಗಿಲು, ಸರಳು, ಹಿಂದೆ ಕತ್ತಲು. ಗೋಡೆಯಲ್ಲಿ ಸರಪಳಿ ಕಟ್ಟುವ ಕಡಗವಿತ್ತು ಎಂದು ನನ್ನ ನೆನಪು. ಇರಲೇ ಇಲ್ಲ ಎನ್ನುತ್ತಾನೆ ಮಾವ. ಓದಿದ್ದನ್ನೇ ನಾನು ಕಂಡೆನೋ ಏನೋ.

ಅವ್ವ ಅಕ್ಷತೆಯ ತಟ್ಟೆ ಕೆಳಗಿಟ್ಟಳು. "ಕೀಲಿ ಹಾಕೈತೇನ?"

"ಹಾಕೈತಿ. ಒಳಗ ಯಾರಿಲ್ಲವ್ವಾ, ಬರೇ ಹಳೇ ಕುರ್ಚಿ."

"ಕುರ್ಚಿನ ಇರಲಿ, ಕೀಲಿ ತೆಗಸು. ಕೆಳಗ ಜೈಲಿಗೆ ಕೀಲಿ ಜಡದು ಮ್ಯಾಲ ಮದುವಿ ಬ್ಯಾಡ."

"ನಮ್ಮ ಹಿಂದ ಇನ್ನೊಂದು ಜೋಡಿ ಕಾಯಾಕತ್ತೈತವ್ವಾ!"

"ಅವರಿಗೂ ಒಳ್ಳೇದಾಗ್ತೈತಿ."

ಆಮೇಲೆ ಫೋನಿನಲ್ಲಿ ಮೇಲಿನ ತೊಲೆಗಳಷ್ಟೇ ಕಂಡವು. ತಿಳಿಯದ ಭಾಷೆಯಲ್ಲಿ ಮಾತು, ಜಗಳವೋ ನಗುವೋ. ಬಹಳ ಹೊತ್ತಾದ ಮೇಲೆ ಮದುವೆಯ ಕೋಣೆಯಿಂದ ತಂಗಿಯ ದನಿ: "ತೆಗದ್ರವ್ವಾ. ಹಾಕು."

ಅವ್ವ ನನ್ನತ್ತ ತಿರುಗಿದಳು. "ತೆಗದಿದ್ದು ಕಂಡಿಯೇನ?"

ಹೌದು ಎನ್ನಬಹುದಿತ್ತು. ಕಾಣಲಿಲ್ಲ ಎಂದೆ.

"ಹಂಗಾರ ಅಳಿಯ ಹೋಗಿ ತೋರಸ್ಲಿ."

ಹುಡುಗ ಫೋನು ಹಿಡಿದು ಇಳಿದ. ಬಾಗಿಲು ತೆರೆದಿತ್ತು. ಅವನು ತಲೆ ತಗ್ಗಿಸಿ ಒಳಹೊಕ್ಕು, ಕುರ್ಚಿಗಳ ನಡುವೆ ನಿಂತು, ಕಲಿತಿದ್ದ ಒಂದೇ ಮಾತು ಹೇಳಿದ: "ಅವ್ವಾ."

ಅವ್ವ ಅಲ್ಲೇ, ಆ ಸೆರೆಯಲ್ಲೇ, ಅವನ ಮೇಲೆ ಅಕ್ಷತೆ ಹಾಕಿಬಿಟ್ಟಳು. ಮೇಲೆ ಪೆನ್ನು ಹಿಡಿದು ಕೂತಿದ್ದ ತಂಗಿಗೆ ಅದು ಕಾಣಲಿಲ್ಲ. ಅವನು ಮೆಟ್ಟಿಲು ಹತ್ತಿ ಓಡುವಾಗ ಕರೆ ಕಡಿದುಹೋಯಿತು.

ಮತ್ತೆ ಫೋನು ಬರುವವರೆಗೆ ಅವ್ವ ಖಾಲಿ ಅಂಗೈಯನ್ನು ಹಾಗೇ ಚಾಚಿಕೊಂಡಿದ್ದಳು.