ಚಿಕ್ಕಬೋರಣ್ಣನ ನಾಲ್ಕನೆಯ ಹಾಡು

ಚಿಕ್ಕಬೋರಣ್ಣ ಕೈಗೆ ಗಡಿಯಾರ ಕಟ್ಟಿದ್ದನ್ನು ನಾನು ಕಾಣೆ. ಬೆಲ್ಲದ ಹದವನ್ನು ಅವನು ಹಾಡಿನಲ್ಲಿ ಅಳೆಯುತ್ತಿದ್ದ. ಕೊಪ್ಪರಿಗೆಗೆ ಕಬ್ಬಿನ ಹಾಲು ಸುರಿದು ಒಲೆ ಹತ್ತಿಕೊಂಡ ಕೂಡಲೇ ಒಂದು ಹಾಡು, ಮಡ್ಡಿ ತೆಗೆಯುವಾಗ ಒಂದು, ನೊರೆ ಉಕ್ಕುವಾಗ ಮತ್ತೊಂದು, ಪಾಕ ಗಟ್ಟಿಯಾಗುವ ಹೊತ್ತಿಗೆ ನಾಲ್ಕನೆಯದು. ಒಂದೊಂದೂ ಅರ್ಧ ಗಂಟೆ ಎಳೆಯುವಂಥದ್ದು. ನಾಲ್ಕೂ ಅಳುವ ಹಾಡುಗಳೇ.

ಪಾಂಡವಪುರದಿಂದ ತೊಣ್ಣೂರಿಗೆ ಹೋಗುವ ದಾರಿಯಲ್ಲಿ, ನಾಲೆಯ ಪಕ್ಕ ನಂಜೇಗೌಡರ ಆಲೆಮನೆ. ನಾನು ಆ ಕಡೆಯ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದೆ. ಮಾಗಿ ಮುಗಿಯುತ್ತಾ ಬಂದು ಶಿವರಾತ್ರಿ ಇನ್ನೂ ದೂರವಿರುವಾಗ ನಮ್ಮ ಕಡೆ ಕೆಲವು ದಿನ ಬೆಳಿಗ್ಗೆ ಒಂಬತ್ತಾದರೂ ಬಿಸಿಲೇ ಬರುವುದಿಲ್ಲ. ನಾಲೆಯಿಂದ ಎದ್ದ ಮಂಜು ಗದ್ದೆಯ ಮೇಲೆ ಕೂತಿರುತ್ತದೆ, ಮೇಲೆ ಮೋಡ. ಅಂಥ ದಿನಗಳಲ್ಲಿ ನನಗೆ ಪಾಠ ಮಾಡುವುದಿರಲಿ, ಯಾರ ಮುಖ ನೋಡುವುದೂ ಬೇಡವೆನಿಸುತ್ತಿತ್ತು. ಆಗ ಸ್ಕೂಟರ್ ತಾನೇ ಆಲೆಮನೆಯ ಕಡೆ ತಿರುಗುತ್ತಿತ್ತು. ಬೋರಣ್ಣ ಉರಿಯ ಮುಂದೆ ಒಂದು ಹಲಗೆ ಸರಿಸಿ, "ಕುಂತ್ಕಳಿ ಮೇಷ್ಟ್ರೇ, ಒಸಿ ಬೆಚ್ಚಗಾಗಿ" ಎನ್ನುತ್ತಿದ್ದ.

ಯಾವಾಗಲೂ ದುಃಖದ ಹಾಡೇ ಏಕೆ ಎಂದು ಒಮ್ಮೆ ಕೇಳಿದ್ದೆ.

"ಕುಣಿಯೋ ಪದ ಯೋಳುದ್ರೆ ಕೈ ಅವಸರ ಮಾಡ್ತದೆ. ಅಳೋ ಪದ ಕೈನ ತಡೀತದೆ. ಮಾಗಿ ಮೋಡದಲ್ಲಿ ಪಾಕ್ವೂ ನಿಧಾನ, ಪದ್ವೂ ನಿಧಾನ. ಅಂಗಿದ್ರೇ ಬೆಲ್ಲ ಬೆಳ್ಳಗೆ ಬರೋದು."

ನಂಜೇಗೌಡರ ಬೆಲ್ಲ ಹೊಂಬಣ್ಣಕ್ಕೆ ಬರುತ್ತಿದ್ದುದು ಇವನ ಕೈಯಿಂದ ಎಂದು ಸುತ್ತಮುತ್ತ ಎಲ್ಲರೂ ಹೇಳುತ್ತಿದ್ದರು. ಬೋರಣ್ಣನಿಗೂ ಅದು ಗೊತ್ತಿತ್ತು. ಪಾಕ ನೋಡಲು ಬೇರೆಯವರು ಅದನ್ನು ತಿರುವುವ ಮರದ ಹುಟ್ಟು ಮುಟ್ಟಿದರೆ, "ಬುಡ್ಲಾ, ನಿಂಗೆ ಎಷ್ಟು ಪದ ಬತ್ತದೆ?" ಎಂದು ಕಿತ್ತುಕೊಳ್ಳುತ್ತಿದ್ದ.

ನನ್ನ ಪ್ರಾಣವೆಲ್ಲ ಇದ್ದದ್ದು ಆ ನಾಲ್ಕನೆಯ ಹಾಡಿನಲ್ಲಿ. ಅದು ಅವನ ಅಕ್ಕ ಹೇಳುತ್ತಿದ್ದದ್ದು. ಅವಳು ತೀರಿಕೊಂಡ ಮೇಲೆ ಅವನನ್ನು ಬಿಟ್ಟರೆ ಇನ್ಯಾರಿಗೂ ಬರುತ್ತಿರಲಿಲ್ಲ. ಹಾಡಿನಲ್ಲಿ, ಗಂಡನ ಮನೆಯಲ್ಲಿರುವ ಹೆಣ್ಣೊಬ್ಬಳು ತಮ್ಮನಿಗಾಗಿ ಹೊಳೆಯ ದಡದಲ್ಲಿ ಕಾಯುತ್ತಾಳೆ. ಮಂಜು ಕವಿದಿದೆ. ಆಚೆ ದಡದಲ್ಲಿ ಒಂದು ಆಳು ಕಾಣಿಸುತ್ತದೆ. ಬಂದವನು ತಮ್ಮನೋ, ತಮ್ಮನ ಸುದ್ದಿ ತಂದ ಬೇರೆ ಯಾರೋ? ಸರಿಯಾಗಿ ಅಲ್ಲಿಗೆ ಪಾಕ ಹದಕ್ಕೆ ಬರುತ್ತಿತ್ತು. ಬೋರಣ್ಣ ಹಾಡು ಕಡಿದು, ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಟಿ, "ಇಳುಸ್ರಲಾ" ಎಂದು ಕೂಗುತ್ತಿದ್ದ. ಅಷ್ಟೇ. ನಾಲ್ಕು ವರ್ಷ ಕೇಳಿದರೂ ಆ ಹೆಣ್ಣು ದಡದಲ್ಲೇ ನಿಂತಿದ್ದಳು.

ಒಂದು ಭಾನುವಾರ, ಮೋಡ ಮುಚ್ಚಿದ ಬೆಳಿಗ್ಗೆ, ನಾನು ಹಟ ಹಿಡಿದೆ. "ಬೋರಣ್ಣ, ಇವತ್ತಾದರೂ ಕೊನೆವರೆಗೂ ಹೇಳು. ಒಂದು ನಿಮಿಷದಲ್ಲಿ ಏನಾಗುತ್ತೆ?"

ಅವನು ನನ್ನನ್ನೊಮ್ಮೆ, ಕೊಪ್ಪರಿಗೆಯನ್ನೊಮ್ಮೆ ನೋಡಿದ. ಆಮೇಲೆ ಕಣ್ಣು ಮುಚ್ಚಿಕೊಂಡು ಹಾಡಿದ. ಮಂಜಿನ ಆಳು ಕಾಣಿಸಿತು, ಹಾಡು ನಿಲ್ಲಲಿಲ್ಲ. ನನಗೆ ಮೈ ಜುಮ್ಮೆಂದಿತು. ಆದರೆ ಅದೇ ಗಳಿಗೆಯಲ್ಲಿ ನೊರೆ ಕೆಂಪಗಾಗಿದ್ದು ಕಾಣಿಸಿತು, ಸೀದ ವಾಸನೆ ಮೂಗಿಗೆ ಬಡಿಯಿತು. "ಅಯ್ಯೋ, ಪಾಕ, ಪಾಕ" ಎಂದು ಕೂಗಿಕೊಂಡೆ. ಆಳುಗಳು ಓಡಿಬಂದರು, ಒಲೆಯಲ್ಲಿ ಉರಿಯುತ್ತಿದ್ದ ಕಬ್ಬಿನ ಸಿಪ್ಪೆ ಎಳೆದು ಹಾಕಿದರು, ಗಲಾಟೆಯೋ ಗಲಾಟೆ. ಅದರ ನಡುವೆ ಬೋರಣ್ಣನ ತುಟಿ ಆಡುತ್ತಲೇ ಇತ್ತು. ಜೇಬಿನಲ್ಲಿ ಫೋನಿತ್ತು, ರೆಕಾರ್ಡ್ ಮಾಡಬೇಕೆಂದು ಹೊಳೆಯಲೂ ಇಲ್ಲ. ಅವನು ಕಣ್ಣು ಬಿಡುವ ಹೊತ್ತಿಗೆ ಹಾಡು ಮುಗಿದಿತ್ತು, ಬೆಲ್ಲ ಕರ್ರಗಾಗಿತ್ತು.

ನಂಜೇಗೌಡರು ಬಂದು ನೋಡಿದರು. ಬೈಯಲಿಲ್ಲ. "ವಯಸ್ಸಾಯ್ತು ಬೋರಣ್ಣ. ಇನ್ನ ಮನೇಲಿರು, ಸಾಕು" ಎಂದರು. ಹಾಡು ಎಂದು ಪೀಡಿಸಿದವನು ನಾನು ಎಂದು ಆಗಲೇ ಹೇಳಬೇಕಿತ್ತು. ಮಕ್ಕಳಿಗೆ ಸತ್ಯ ನುಡಿಯಿರಿ ಎಂದು ಬೋರ್ಡಿನ ಮೇಲೆ ಬರೆಸುವ ಮೇಷ್ಟ್ರು ನಾನು, ಕಂಬಕ್ಕೆ ಒರಗಿ ಸುಮ್ಮನೆ ನಿಂತಿದ್ದೆ. ಬೋರಣ್ಣನೂ ನನ್ನ ಹೆಸರೆತ್ತಲಿಲ್ಲ.

ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟವನು ನನ್ನ ಹತ್ತಿರ ನಿಂತ. "ಕೊನೆ ಕೇಳುಸ್ತಾ ಮೇಷ್ಟ್ರೇ?"

"ಕೇಳಿಸ್ತು" ಎಂದೆ.

"ಅಷ್ಟು ಸಾಕು ಬುಡಿ. ನನ್ ಸಂಗ್ಡಲೇ ಓಯ್ತದೆ ಅಂತಿದ್ದೆ."

ಆಮೇಲೆ ಪಾಂಡವಪುರದ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ನಾಲ್ಕಾರು ಸಲ ಸಿಕ್ಕಿದ. ಕೆಲಸ ಬಿಟ್ಟ ಮೇಲೆ ಅವನು ಹಾಡುವುದನ್ನೂ ಬಿಟ್ಟಿದ್ದ. ಉರಿಯಿಲ್ಲದೆ ಪದ ಬಾಯಿಗೆ ಬರುವುದಿಲ್ಲ ಎನ್ನುತ್ತಿದ್ದ. ಇನ್ನೊಮ್ಮೆ ಹೇಳು ಎಂದು ನಾನು ಯಾವ ಮುಖದಿಂದ ಕೇಳಲಿ? ಕೊನೆಯ ಸಲ ಸಿಕ್ಕಾಗ ಕೆಮ್ಮು ಜೋರಾಗಿತ್ತು. ಪಕ್ಕದಲ್ಲಿ ಕೂತವನಿಗೆ ನನ್ನನ್ನು ತೋರಿಸಿ, "ನಮ್ಮಕ್ಕನ ಪದ ಇವ್ರತ್ರ ಅದೆ ಕಣ್ಲಾ" ಎಂದ. ಅವನ ಮುಖದಲ್ಲಿ ಎಂಥ ನೆಮ್ಮದಿ! ನಾನು ಟೀ ಲೋಟದೊಳಗೆ ನೋಡುತ್ತಾ ಕೂತೆ.

ಈ ಸಲದ ಮಾಗಿಯಲ್ಲಿ ಬೋರಣ್ಣ ಹೋದ. ಹನ್ನೊಂದನೆಯ ದಿನ ಊಟವಾದ ಮೇಲೆ ಅವನ ಮಗಳು ಸಾಕಮ್ಮ ನನ್ನನ್ನು ಜಗಲಿಗೆ ಕರೆದು ಫೋನು ಮುಂದೆ ಹಿಡಿದಳು. "ಆ ಪದ ಕೊನೆವರ್ಗೂ ಯೋಳಿರೋದು ನಿಮಗೊಬ್ರಿಗೇ ಅಂತಿತ್ತು ನಮ್ಮಪ್ಪ. ಇದ್ರಲ್ಲಿ ಒಸಿ ಯೋಳಿ ಮೇಷ್ಟ್ರೇ. ಮಕ್ಳು ಕೇಳ್ಕಳ್ಲಿ."

ಅಂದೂ ಬಿಸಿಲು ಬಂದಿರಲಿಲ್ಲ. ನನ್ನ ಒಡಕು ದನಿಯಲ್ಲಿ ಶುರು ಮಾಡಿದೆ. ಹೊಳೆ, ದಡ, ಕಾಯುವ ಅಕ್ಕ, ಮಂಜು. ಆಚೆ ದಡದ ಆಳು ಕಾಣಿಸಿದಲ್ಲಿಗೆ ನಿಲ್ಲಿಸಿದೆ. ಸಾಕಮ್ಮ ಫೋನು ಹಿಡಿದುಕೊಂಡೇ ಕಾದಳು.

"ಮುಂದಕ್ಕೆ?"

"ಗೊತ್ತಿಲ್ಲ ತಾಯಿ. ನಿಮ್ಮಪ್ಪ ಹಾಡಿದ. ನಾನು ಬೆಲ್ಲ ನೋಡ್ತಾ ಇದ್ದೆ."

ಫೋನಿನ ಕೆಂಪು ಚುಕ್ಕೆ ಮಿನುಗುತ್ತಲೇ ಇತ್ತು. ಹಾಡಿನ ಹಿಂದೆಯೇ ನನ್ನ ಆ ಮಾತೂ ಅದರೊಳಗೆ ಸೇರಿಕೊಂಡಿತು.